ಆರನೆಯ ಬಿಲ್ಲೆ

ಮಿದುಳು ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ನನ್ನ ಗಂಡ ಕಳ್ಳನಲ್ಲ. ನಿಮ್ಮಲ್ಲಿ ಹದಿನಾಲ್ಕು ವರ್ಷ ಮಂಗಗಳಿಗೆ ಅನ್ನ ನೀರು ಕೊಟ್ಟ ತುಳಸಿರಾಮ ತೀರಿಕೊಂಡು ಐದು ತಿಂಗಳಾದ ಮೇಲೆ, ಮಂಗಗಳ ಕೊರಳಿನ ನಂಬರ್ ಬಿಲ್ಲೆಗಳಲ್ಲಿ ಆರನ್ನು ಅವರು ಕದ್ದಿದ್ದಾರೆ, ಹಿಂದಿರುಗಿಸಬೇಕು ಎಂದು ನಿಮ್ಮ ಕಚೇರಿ ನೋಟಿಸು ಕಳಿಸಿದೆ. ಅದೂ ಸತ್ತವರ ಹೆಸರಿಗೇ! ಮಂಗನ ಮಿದುಳಿನ ಯಾವ ಎಳೆ ಎಲ್ಲಿಗೆ ಹೋಗುತ್ತದೆಂದು ನಕ್ಷೆ ಬರೆಯುವ ನಿಮ್ಮಲ್ಲಿ, ಒಬ್ಬ ಮನುಷ್ಯ ಸತ್ತ ಸುದ್ದಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲಿಲ್ಲವೇ?

ಆ ನಕ್ಷೆಯ ಕೆಲಸವನ್ನು ಅವರು ಊಟಕ್ಕೆ ಕೂತಾಗ ನನಗೆ ಹೇಳಿದ್ದರು. "ಮಿದುಳಾಗ ಒಂದ್ ಕಡಿ ಬಣ್ಣ ಬಿಡ್ತಾರ. ನಮ್ಮೂರು ಮನೂರಾಗ ಬಸ್ ಹತ್ತಿದ ಮಂದಿ ನಾರಾಯಣಖೇಡದಾಗ ಎಷ್ಟು ಇಳದ್ರು, ಜಹೀರಾಬಾದಿಗಿ ಎಷ್ಟು ಹೋದ್ರು ಅಂತ ನೋಡ್ದಂಗ, ಆ ಬಣ್ಣ ಎಲ್ಲೆಲ್ಲಿ ಮುಟ್ಯಾದ ನೋಡ್ತಾರ."

"ನೋಡಿದ ಮ್ಯಾಲ ಮಂಗ್ಯಾನ್ನ ಬಿಡ್ತಾರಿಲ್ರಿ?" ಎಂದೆ.

ಅವರು ರೊಟ್ಟಿ ಕೆಳಗಿಟ್ಟರು. "ತೆಳ್ಳಗ ಕೊಯ್ದೇ ನೋಡ್ಬೇಕಲ್ಲ, ಕೌಶಲ್ಯಾ."

ನಮ್ಮೂರಲ್ಲಿ ಮಂಗ ಸತ್ತರೆ ಹೊಸ ಬಟ್ಟೆ ಸುತ್ತಿ, ಅರಿಶಿನ ಹಚ್ಚಿ, ಹನುಮಪ್ಪನ ಗುಡಿಯ ಹಿಂದೆ ಮಣ್ಣು ಮಾಡುತ್ತೇವೆ. ನಿಮ್ಮಲ್ಲಿ ಮೈ ಸಿಗುವುದಿಲ್ಲ. ಅದಕ್ಕೇ ಕಡೆಯ ಐದು ವರ್ಷ ಅವರು ರಜೆಗೆ ಬರುವಾಗ ಸತ್ತ ಮಂಗದ ಬಿಲ್ಲೆ ತಂದು ಮಣ್ಣು ಮಾಡುತ್ತಿದ್ದರು. ನೆರೆಮನೆಯ ಪೀರಮ್ಮ ನಗುತ್ತಿದ್ದಳು: "ಏನಣ್ಣಾ, ಪಟ್ಟಣದಾಗ ಮಂಗ್ಯಾಗಳ ಬೀಗಸ್ತನ ಮಾಡೀಯೇನು? ವರ್ಷಕ್ಕೊಂದು ಮಣ್ಣು!"

"ನಗಬ್ಯಾಡವ್ವಾ, ನನ್ನ ಕೈಲೆ ಉಂಡಾವ."

ಮುಂದಿನ ಸಲ ಅರಿಶಿನ ತಂದವಳು ಅದೇ ಪೀರಮ್ಮ. ನನ್ನ ಡೈರಿಯಲ್ಲಿ ಐದೂ ತಾರೀಖು ಇವೆ.

ಹೋದ ವರ್ಷ ತೆಲಂಗಾಣ ರಾಜ್ಯ ಬೇಕೆಂದು ಎಲ್ಲರೂ ಕೆಲಸ ನಿಲ್ಲಿಸಿದಾಗ ಅವರು ರಜೆಯಲ್ಲಿದ್ದರು. ಬಸ್ಸಿರಲಿಲ್ಲ. ಇಪ್ಪತ್ಮೂರನೇ ನಂಬರಿನ ಹೆಣ್ಣುಮಂಗದ ಕೆಲಸ ಮುಗಿಯಿತೆಂದು, ಅಂದರೆ ಅದು ಸತ್ತಿತೆಂದು, ನಿಮ್ಮಲ್ಲಿಂದ ಫೋನು ಬಂತು. ಬಿಲ್ಲೆ ತರುತ್ತೇನೆಂದು ಹೊರಟವರು ನಾರಾಯಣಖೇಡದಲ್ಲಿ ಆಟೋ ಇಳಿದಲ್ಲೇ ಬಿದ್ದರು. ಜಹೀರಾಬಾದಿನ ಡಾಕ್ಟರು ಪರೀಕ್ಷಿಸಿ, ಮಾತು ತಿಳಿಯುವ ಜಾಗ ಸರಿಯಿದೆ, ಮಾತಾಡುವ ಜಾಗಕ್ಕೆ ರಕ್ತ ಹರಿಯುವುದು ನಿಂತಿದೆ ಎಂದರು. "ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದೆ. "ಮಿದುಳಿನ ದಾರಿ ಎಷ್ಟೋ ಮಂಗ್ಯಾಗಳಿಂದನೇ ತಿಳಿದಾವಮ್ಮ," ಎಂದರು. ಆದ್ದರಿಂದ, ನಿಮ್ಮ ಕೆಲಸ ನಿಲ್ಲಿಸಿ ಎಂದು ಬರೆಯಲು ಕೂತರೆ ನನ್ನ ಕೈ ನಿಲ್ಲುತ್ತದೆ. ನಡೆಯಲಿ ಎಂದು ಬರೆಯಲೂ ಆಗುವುದಿಲ್ಲ. ಈ ಪತ್ರವನ್ನು ಎರಡು ಸಲ ಹರಿದಿದ್ದೇನೆ.

ಒಂಬತ್ತು ದಿನ ಬದುಕಿದ್ದರು. ದಿನವೂ ಬೆರಳಿನಿಂದ ಕೊರಳ ಸುತ್ತ ಗೆರೆ ಎಳೆದು ತೋರಿಸುತ್ತಿದ್ದರು. "ನೀರಡಿಕಿ ಭಾಳ ಆಗ್ಯಾದ," ಎಂದು ನಾನು ಪ್ರತಿ ಸಲ ನೀರು ಕುಡಿಸಿದೆ. ಅವರು ಕುಡಿದು, ಮತ್ತೆ ಗೆರೆ ಎಳೆಯುತ್ತಿದ್ದರು. ಬಿಲ್ಲೆ ಮಂಗದ ಕೊರಳಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ; 'ಕೊರಳಿನ ಬಿಲ್ಲೆ' ಎಂಬುದನ್ನು ನಿಮ್ಮ ನೋಟಿಸಿನಲ್ಲಿ ಓದಿದ ದಿನ ಅವರು ಕೇಳುತ್ತಿದ್ದುದು ಏನೆಂದು ತಿಳಿಯಿತು.

ಗುಡಿಯ ಹಿಂದೆ ಐದು ಬಿಲ್ಲೆಗಳಿವೆ. ಅಗೆಯುವುದಿಲ್ಲ. ಅದು ಕಳವಾದರೆ ನನ್ನ ಹೆಸರನ್ನೂ ಸೇರಿಸಿ. ಬಟ್ಟೆ ಸುತ್ತಿಕೊಟ್ಟವಳು ನಾನು. ಆರನೆಯದನ್ನು, ಆ ಇಪ್ಪತ್ಮೂರನೇ ನಂಬರಿನದನ್ನು, ಅವರು ಮುಟ್ಟಲೇ ಇಲ್ಲ. ಅದು ನಿಮ್ಮಲ್ಲೇ ಯಾವುದೋ ಮೇಜಿನ ಖಾನೆಯಲ್ಲಿದೆ. ಹುಡುಕಿರಿ. ಸಿಕ್ಕ ಮೇಲೆ ಕಳವಿನ ಮಾತನ್ನು ಹೊಡೆದುಹಾಕಿ, ಆ ಬಿಲ್ಲೆಯನ್ನು ನನಗೆ ಕಳಿಸಿಕೊಡಿ. ಐದರ ಪಕ್ಕದಲ್ಲಿ ಕುಳಿ ತೋಡಿಟ್ಟಿದ್ದೇನೆ.

ಇಂತಿ,
ಬಿಲ್ಲೆ ಕೇಳಿದವರಿಗೆ ನೀರು ಕುಡಿಸಿದ
ಕೌಶಲ್ಯಾ, ಮನೂರ್