ಗಿರಣಿಯಿದ್ದ ನದಿದಂಡೆ

ಶಾಂಘೈ,
ಅಕ್ಟೋಬರ್ ೧೪

ಪ್ರೀತಿಯ ಮಗಳು ಯುನ್‌ಶಿಯಾಗೆ,

ಅಮ್ಮನ ಆಶೀರ್ವಾದ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ. ಶನಿವಾರ ನನ್ನನ್ನು ಚೆಂಗ್ಡುವಿನ ನಿನ್ನ ಮನೆಗೆ ಕರೆದೊಯ್ಯಲು ಬರುತ್ತೀಯಂತೆ. ಪಕ್ಕದ ಮನೆಯವಳು ನಿನ್ನ ಸಂದೇಶ ತೋರಿಸಿದಳು. ಬಾ. ಆದರೆ ನಾನು ಹೊರಡುವುದಿಲ್ಲ.

ಬೀದಿಯಲ್ಲಿ ಸೈಕಲ್ ತಾಗಿ ಬಿದ್ದದ್ದು ನಿಜ. ಮೊಣಕಾಲು ತರಚಿತು, ಅಷ್ಟೆ. ಕಿವಿ ತುಸು ಮಂದವಾಗಿದೆ, ಒಪ್ಪುತ್ತೇನೆ. ಇಪ್ಪತ್ತಾರು ವರ್ಷ ಮಗ್ಗಗಳ ನಡುವೆ ನಿಂತವಳ ಕಿವಿ ಇನ್ನು ಹೇಗಿರಬೇಕು?

ನಮ್ಮ ಬಟ್ಟೆ ಗಿರಣಿ ಕೆಡವಿ ಉದ್ಯಾನ ಮಾಡಿದಾಗ ಆ ಕಡೆ ತಲೆ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದೆ, ನಿನಗೆ ಗೊತ್ತು. ಕಳೆದ ವಸಂತದಲ್ಲಿ ಚ್ಯೂಫೆನ್ ಕೈ ಹಿಡಿದು ಎಳೆದೊಯ್ದಳು. ನನ್ನ ಪಕ್ಕದ ಮಗ್ಗದವಳು, ನಿನ್ನನ್ನು ಎತ್ತಿ ಆಡಿಸಿದವಳು. ನಮ್ಮ ನೇಯ್ಗೆ ಶೆಡ್ಡು ಇದ್ದಲ್ಲಿ ಈಗ ಹುಲ್ಲು. ನೂಲಿಗೆ ಬಣ್ಣ ಹಾಕುತ್ತಿದ್ದ ತೊಟ್ಟಿಯಲ್ಲಿ ಕಮಲ. ಹತ್ತಿಯ ದೂಳು ನುಂಗಿದ ಜಾಗದಲ್ಲೇ ಕುಳಿತು ನದಿಗಾಳಿ ಕುಡಿಯುವುದು ಎಷ್ಟು ಸುಖವೆಂದು ಬರೆಯಲು ನನಗೇ ನಾಚಿಕೆ. ಅಷ್ಟು ವರ್ಷ ನದಿ ಗೋಡೆಯಾಚೆಯೇ ಇತ್ತು, ನಾವು ನೋಡಿರಲಿಲ್ಲ.

ಮಗ್ಗದ ಸದ್ದಿನಲ್ಲಿ ನಾವು ದನಿಯಿಲ್ಲದೆ ತುಟಿ ಆಡಿಸಿಯೇ ಮಾತಾಡುತ್ತಿದ್ದೆವಲ್ಲ, ಉದ್ಯಾನದಲ್ಲಿ ಈಗಲೂ ಹಾಗೇ. ಏಳೆಂಟು ಮುದುಕಿಯರು, ಹುಲ್ಲುಹಾಸಿನ ಈ ತುದಿಯಿಂದ ಆ ತುದಿಗೆ ಹರಟೆ. ಮೊನ್ನೆ ಚ್ಯೂಫೆನ್ ದೂರದ ಬೆಂಚಿನಿಂದಲೇ, “ಹಿಂದೆ ಸೈಕಲ್ ಬರ್ತಿದೆ, ಪಕ್ಕಕ್ಕೆ ಸರಿಯೇ ಮಾರಾಯ್ತಿ” ಎಂದಳು. ಕುಪ್ಪಳಿಸಿ ಸರಿದೆ. ಆಮೇಲೆ, “ನಿನ್ನ ಕುಣಿತ ನೋಡಿದ್ರೆ ಬಾತುಕೋಳಿನೂ ನಗುತ್ತೆ” ಎಂದು ಸೇರಿಸಿದಳು. ಸದ್ದಿಲ್ಲದೆ ಬಾಯಿ ಆಡಿಸಿ ನಗುವ ನಮಗೆ ಹುಚ್ಚು ಹಿಡಿದಿದೆಯೆಂದು ಕಾವಲುಗಾರ ತಿಳಿದಿದ್ದಾನೆ.

ನಿನ್ನ ಮನೆಯಲ್ಲಿ ಬಿಸಿಯೂಟವಿದೆ, ಪ್ರೀತಿಯಿದೆ. ಆದರೆ ಅಲ್ಲಿ ನಾನು ಕಿವುಡಿ ಮುದುಕಿ. ಎಲ್ಲರೂ ಬೆನ್ನ ಹಿಂದಿನಿಂದ ಕೂಗುತ್ತಾರೆ. ಇಲ್ಲಿ ನನಗೆ ಯಾವ ಮಾತೂ ತಪ್ಪುವುದಿಲ್ಲ. ಕಾಲು ನಡೆಸುವವರೆಗೂ ದಿನಾ ಹೋಗುತ್ತೇನೆ. ನೀನು ಅತ್ತರೂ ಇಷ್ಟೇ, ಸಿಟ್ಟಾದರೂ ಇಷ್ಟೇ.

ನಿನ್ನ ಹಟಮಾರಿ ಅಮ್ಮ,
ಗು ಪೇಯ್‌ಚೆನ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಹೊಸವರ್ಷಕ್ಕೆ ನಿನ್ನ ಮಗಳು ನಿಂಗ್‌ನಿಂಗ್ ಫೋನಿನಲ್ಲಿ ಹಾಡಿದಾಗ “ಎಷ್ಟು ಚೆನ್ನಾಗಿ ಹಾಡ್ತೀಯೇ ಕಂದ” ಎಂದೆನಲ್ಲ, ಪಕ್ಕದ ಮನೆಯವಳು ಕೈಸನ್ನೆ ಮಾಡಿದ್ದರಿಂದ ಹಾಗೆಂದೆ. ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ. ನಿನಗೂ ವರ್ಷದಿಂದ ಬರೀ ಹೂಂ ಹೂಂ ಎನ್ನುತ್ತ ಬಂದಿದ್ದೇನೆ. ಶನಿವಾರ ಅವಳನ್ನೂ ಕರೆದುಕೊಂಡು ಬಾ. ಉದ್ಯಾನದಲ್ಲಿ ನನ್ನ ಎದುರು ನಿಂತು ಆ ಹಾಡನ್ನು ಇನ್ನೊಮ್ಮೆ ಹಾಡಲಿ.