ಮಾವನಿಗಿಂತ ಹತ್ತು ಹೆಚ್ಚು

ಮಾರ್ಚ್ 3, ಬೆಳಿಗ್ಗೆ 7.20

ಫ್ಯಾನ್ ಬಿಚ್ಚಿ ಧೂಳು ಊದಿದೆ. ರ್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಮೂರನೇ ಸಲಕ್ಕೆ ಬೀಪ್ ಅಂದಿತು. ಆಫೀಸಿನವರು ಗುಜರಿಗೆ ಎಸೆದಿದ್ದ ಕಂಪ್ಯೂಟರು, ಈಗ ನನ್ನದು. ಕುಣಿಯುವಷ್ಟು ಖುಷಿ.

ಪಕ್ಕದ ಕೋಣೆಯಿಂದ ಮಾವ: "ಏನು ಅಳಿಯಂದ್ರೇ, ಹೆಣಕ್ಕೆ ಜೀವ ಬಂತೋ? ಸ್ಕ್ರೂಡ್ರೈವರ್ ಹಿಡಿದೋರೆಲ್ಲ ಇಂಜಿನಿಯರ್ ಆಗಲ್ಲ."

ಅದೂ ಫಿಸಿಯೋ ಮೇಡಂ ಎದುರಿಗೆ. ಆಕೆ ನಕ್ಕಳು.

ಮಾವನಿಗೆ ಲಕ್ವ ಹೊಡೆದು ನಾಲ್ಕು ತಿಂಗಳು. ಬಲಗೈ ಬಿತ್ತು, ನಾಲಿಗೆಗೆ ಏನೂ ಆಗಲಿಲ್ಲ. ದೇವರ ಗುರಿ ಸ್ವಲ್ಪದರಲ್ಲಿ ತಪ್ಪಿತು. ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವರು. ಊರಿನ ಮಕ್ಕಳಿಗೆಲ್ಲ ಭೇಷ್ ಅಂದಿದ್ದಾರಂತೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ನನಗೆ ಒಂದೂ ಇಲ್ಲ.

ಮಾರ್ಚ್ 5

ದಿನಕ್ಕೆ ಒಂದು ಗಂಟೆ ಬೆರಳು ಆಡಿಸಲೇಬೇಕಂತೆ. ಈಗ ಬಿಟ್ಟರೆ ಮುದುಡಿಕೊಳ್ಳುತ್ತವೆ, ಆಮೇಲೆ ತಿಪ್ಪರಲಾಗ ಹಾಕಿದರೂ ಬಿಚ್ಚುವುದಿಲ್ಲ — ಫಿಸಿಯೋ ಮೇಡಂ ಮಾತು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮಾವ ಎಡಗೈಯಲ್ಲಿ ಗೋಡೆಗೆ ಎಸೆದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಅತ್ತಳು.

"ರೀ, ನಿಮ್ಮ ಆ ಡಬ್ಬದಲ್ಲಿ ಅಪ್ಪಂಗೆ ಏನಾದ್ರೂ ಆಟ ಹಾಕಿಕೊಡಿ."

ಹೆಂಡತಿ ಕೇಳಿದ್ದಾಳೆ. ಮಾಡೋಣ.

ಮಾರ್ಚ್ 17, ಭಾನುವಾರ

ಎರಡು ಭಾನುವಾರ ಕೂತು ನಾನೇ ಬರೆದೆ. ಮೇಲಿಂದ ಇಟ್ಟಿಗೆ ಬೀಳುವ ಹಳೇ ಆಟ. ಕೀಬೋರ್ಡಿನ ಬಲ ಮೂಲೆಯ ಬಾಣದ ಕೀಲಿಗಳಷ್ಟೇ ಸಾಕು, ಬಲಗೈ ಬೆರಳು ತಾನಾಗಿ ಆಡಬೇಕು. ಇವಳು ಕಣ್ಣರಳಿಸಿ ಅಪ್ಪನಿಗೆ ಹೇಳಿದಳು, ಇದನ್ನ ಇವರೇ ಮಾಡಿದ್ದು ಅಂತ.

"ಹೌದಾ? ಎಲ್ಲಿಂದ ಕಾಪಿ ಹೊಡೆದ್ರಿ, ಅಳಿಯಂದ್ರೇ?"

ನಾನು ರಾತ್ರಿ ಊಟ ಮಾಡಲಿಲ್ಲ.

ಮಾರ್ಚ್ 23

ಮುದುಕರಿಗೆ ಹುಚ್ಚು ಹಿಡಿದಿದೆ. 2,140 ಅಂಕ ಬಂತು ಅಂತ ಹಾಲಿನವನನ್ನು ಒಳಗೆ ಕರೆದು ತೋರಿಸಿದರು. "ಇದು ಜ್ಯಾಮಿತಿ ಕಣಯ್ಯ. ನಮ್ಮ ಅಳಿಯಂದ್ರಿಗೆ ಇದೆಲ್ಲ ತಲೆಗೆ ಹೋಗಲ್ಲ."

ಆಟ ನನ್ನದು. ತಲೆಗೆ ಹೋಗದವನೂ ನಾನೇ!

ಮಾರ್ಚ್ 24, ಭಾನುವಾರ, ಸಂಜೆ

ಏಳೇ ಸಾಲು ಸೇರಿಸಿದೆ. ಮಾವ ಎಷ್ಟೇ ಹೊಡೆಯಲಿ, ಅಂಕಪಟ್ಟಿಯಲ್ಲಿ ಅವರ ಮೇಲೆ ಇನ್ನೊಬ್ಬ ಬಂದು ಕೂರುತ್ತಾನೆ. ಸರಿಯಾಗಿ ಹತ್ತು ಅಂಕ ಹೆಚ್ಚು. ಹೆಸರು — ಶಿಷ್ಯ. ಆಟವನ್ನು ನೆಟ್ಟಿಗೆ ಸೇರಿಸಿದ್ದೇನೆ, ಬೇರೆ ಊರಿನವರೂ ಆಡುತ್ತಾರೆ ಅಂತ ಹೇಳಿಟ್ಟೆ. ನಂಬಿದರು.

ಮಾರ್ಚ್ 25, ಬೆಳಿಗ್ಗೆ 8.10

2,310. ಕೈ ಉಜ್ಜಿಕೊಂಡು ಪಟ್ಟಿ ನೋಡಿದರು. ಶಿಷ್ಯ 2,320. ಮುಖ ಹರಳೆಣ್ಣೆ ಕುಡಿದಂತಾಯಿತು. ನಾನು ಹಾಡು ಗುನುಗುತ್ತ ಆಫೀಸಿಗೆ ಹೋದೆ.

ಏಪ್ರಿಲ್ 2

ಒಂಬತ್ತು ದಿನ, ಒಂಬತ್ತು ಸೋಲು. ತಿಂಡಿ ಬಿಟ್ಟು ಆಡುತ್ತಾರೆ. ಬೈಯುತ್ತಾರೆ. ನಿನ್ನೆ ಕಣ್ಣಲ್ಲಿ ನೀರು. ಇವಳು, "ಆ ಶಿಷ್ಯ ಯಾವನ್ರೀ, ಒಂದ್ಸಲ ಸೋಲಬಾರ್ದಾ ಅವನು?" ಅಂದಳು. ಅಯ್ಯೋ ಪಾಪ ಅಂದೆ. ಹೊಟ್ಟೆ ತಣ್ಣಗಿತ್ತು, ಸುಳ್ಳೇಕೆ.

ಏಪ್ರಿಲ್ 19

ಇವತ್ತು ಮಾವ ಬಲಗೈಯಲ್ಲಿ ಕಾಫಿ ಲೋಟ ಎತ್ತಿದರು. ಚೆಲ್ಲಲಿಲ್ಲ. ಫಿಸಿಯೋ ಮೇಡಂ ಚಪ್ಪಾಳೆ ತಟ್ಟಿದಳು. ಇನ್ನು ಎರಡು ತಿಂಗಳು ಹೀಗೇ ಆಡಿದರೆ ನೆಟ್ಟಗೆ ಬರೆಯಬಹುದು, ಗುಂಡಿ ಹಾಕಿಕೊಳ್ಳಬಹುದು, ನಡುವೆ ಮಾತ್ರ ನಿಲ್ಲಿಸಬೇಡಿ ಅಂದಳು.

"ನನ್ನ ಕೈ ಎತ್ತಿಸಿದೋನು ಆ ಶಿಷ್ಯ," ಅಂದರು ಮಾವ. "ಸಾವಿರ ಅಂಕ ಮುಂದೆ ಹೋಗಬಲ್ಲ ಅವನು. ಆದ್ರೂ ಹತ್ತೇ ಮುಂದೆ ಇರ್ತಾನೆ. ಸೋಲ್ಸೋಕಲ್ಲಮ್ಮ, ನನ್ನ ಕೈ ಹಿಡಿದು ಎಳೆಯೋಕೆ. ಯಾವನೋ ನನ್ನ ಹತ್ರ ಓದ್ದೋನೇ ಇರ್ಬೇಕು." ಆಮೇಲೆ ಪರದೆಯ ಕಡೆ ತಿರುಗಿ ಮೆಲ್ಲಗೆ — "ಭೇಷ್."

ನನ್ನ ಏಳು ಸಾಲಿಗೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಏಪ್ರಿಲ್ 27

ಬಲಗೈಯಲ್ಲಿ ಕಾಗದ ಬರೆದಿದ್ದಾರೆ. ನಾಲ್ಕೇ ಸಾಲು, ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. 'ಚಿರಂಜೀವಿ ಶಿಷ್ಯನಿಗೆ ಆಶೀರ್ವಾದ. ನನಗೆ ಗಂಡುಮಕ್ಕಳಿಲ್ಲ. ನೀನು ಆ ಕೊರತೆ ನೀಗಿದೆ.' ನನ್ನ ಕೈಗೇ ಕೊಟ್ಟರು, ಕಳಿಸಲಿಕ್ಕೆ.

"ಒಂದ್ಸಲ ಮನೆಗೆ ಕರೆಸಿ, ಅಳಿಯಂದ್ರೇ. ಮಾತಾಡೋಕೆ ಒಬ್ಬ ಬುದ್ಧಿವಂತನಾದ್ರೂ ಬೇಕಲ್ಲ ಮನೇಲಿ."

ನಾನೇ ಬರೆದ ಪ್ರೋಗ್ರಾಮಿನ ಮೇಲೆ ನನಗೇ ಹೊಟ್ಟೆಕಿಚ್ಚು. ಸಾಕು. ಹೇಳಿಬಿಡುತ್ತೇನೆ. ಆ ಭೇಷ್ ನನಗೆ ಬರಬೇಕಾದದ್ದು.

ಏಪ್ರಿಲ್ 28, ಭಾನುವಾರ, 11 ಗಂಟೆ

ಹೇಳಿದೆ. ಇವಳು ಸಂತೆಗೆ ಹೋಗಿದ್ದಳು.

"ಶಿಷ್ಯ ಅಂತ ಯಾರೂ ಇಲ್ಲ ಮಾವ. ಅವನು ನಾನೇ."

"ನೀವಾ?" ನಕ್ಕರು. "ತೋರಿಸಿ."

ಏಳು ಸಾಲು ತೆರೆದಿಟ್ಟೆ, ಎದೆಯುಬ್ಬಿಸಿಕೊಂಡು. ಕೋಡ್ ಬರೆಯುವವರಿಗೆಲ್ಲ ಒಂದು ಚಟ — ಸಾಲಿನ ಪಕ್ಕ ತಮಗೇ ಅಂತ ಟಿಪ್ಪಣಿ ಗೀಚುವುದು. ಕಂಪ್ಯೂಟರ್ ಅದನ್ನು ಹಾರಿಸಿ ಹೋಗುತ್ತದೆ. ಮನುಷ್ಯ ಓದುತ್ತಾನೆ. ಆ ಸಿಟ್ಟಿನ ಭಾನುವಾರ ಏನು ಗೀಚಿದ್ದೆ ಅನ್ನುವುದು ಮರೆತೇ ಹೋಗಿತ್ತು. ಉಳಿದದ್ದೆಲ್ಲ ಅವರಿಗೆ ಅರ್ಥವಾಗದ ಇಂಗ್ಲಿಷಿನ ಗೋಜಲು, ಅದೊಂದು ಸಾಲು ಮಾತ್ರ ಅಚ್ಚ ಕನ್ನಡ. ಬಲಗೈ ತೋರುಬೆರಳನ್ನು ಅದರ ಕೆಳಗಿಟ್ಟು, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ ಓದಿದರು.

"ಮುದುಕ ಸಾಯೋವರೆಗೂ ಹೀಗೇ ಓಡಲಿ."

ಅವರು ಮೇಲಿನ ಸಾಲಿನ ಅಂಕಿ ನೋಡಿದರು. ಹತ್ತು ಕೂಡಿಸುವ ಸಾಲು.

"ಲೆಕ್ಕ ಸರಿಯಾಗಿದೆ, ಅಳಿಯಂದ್ರೇ."

ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

ಮೇ 9

ಆಟ ಮುಟ್ಟಿಲ್ಲ. ಚೆಂಡೂ ಇಲ್ಲ. ಬೈಗುಳವೂ ನಿಂತುಹೋಗಿದೆ. ಕಿರುಬೆರಳು ಒಳಕ್ಕೆ ಮಡಚಿದೆ. ಮಗಳಿಗೆ ಏನೂ ಹೇಳಿಲ್ಲ. "ಆ ಶಿಷ್ಯಂಗೆ ಹೇಳಿ ಅಪ್ಪನ್ನ ಆಡೋಕೆ ಒಪ್ಪಿಸ್ರೀ," ಅಂತ ಇವಳು ನನ್ನ ಕೈ ಹಿಡಿದುಕೊಂಡಳು. ಹೂಂ ಅಂದೆ. ಥೂ.

ಮೇ 30, ಬೆಳಿಗ್ಗೆ

ನಾಲ್ಕು ಬೆರಳೂ ಮುದುಡಿವೆ. ಇನ್ನು ಬಂದು ಪ್ರಯೋಜನವಿಲ್ಲ ಅಂದುಹೋದಳು ಫಿಸಿಯೋ ಮೇಡಂ. ಇವಳು ಅಪ್ಪನಿಗೆ ತುತ್ತು ಮಾಡಿ ಬಾಯಿಗಿಡುತ್ತಾಳೆ.

ಆ ಏಳು ಸಾಲು ಅವತ್ತೇ ಅಳಿಸಿದ್ದೇನೆ. ಮಾವನಿಗೆ ಗೊತ್ತಿಲ್ಲ. ನಾನು ಆಫೀಸಿಗೆ ಹೊರಟಾಗ ದಿನವೂ ಒಂದೇ ಪ್ರಶ್ನೆ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಹೊತ್ತೆಷ್ಟಾಯಿತು ಅಂತ ಕೇಳಿದ ಹಾಗೆ — "ಅಳಿಯಂದ್ರೇ, ಇನ್ನೂ ಓಡ್ತಾ ಇದೆಯಾ?"

ಕಂಪ್ಯೂಟರ್ ವಿಚಾರ ಅಂದುಕೊಂಡು ಇವಳು ಹೇಳುತ್ತಾಳೆ, "ಹೂಂ ಅನ್ರೀ, ಪಾಪ, ಅವರಿಗೂ ಸಮಾಧಾನ."

ಇವತ್ತು ಚಪ್ಪಲಿ ಬಿಟ್ಟು ವಾಪಸ್ ಹೋಗಿ ಅವರ ಮಂಚದ ಪಕ್ಕ ಕೂತೆ. ನಿಲ್ಲಿಸಿದೀನಿ ಮಾವ, ಅವತ್ತೇ ನಿಲ್ಲಿಸಿದೆ, ಅಂದೆ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು, "ಹಾಗಾದ್ರೆ ನಾನು ಅವತ್ತೇ ಸತ್ತ ಲೆಕ್ಕವಾ, ಅಳಿಯಂದ್ರೇ?"