ಕಿವಿಯಾರೆ ಕೇಳಿದವರ ಮತ

ಉತ್ತರ ಫಿಲಡೆಲ್ಫಿಯಾ
ಭಾನುವಾರ, ಅಕ್ಟೋಬರ್ 14, 2007

ಪ್ರೀತಿಯ ಮಗ ಲವೆಲ್‌ಗೆ,

ಹೇಗಿದ್ದೀಯ? ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ ಎಂದು ನೀನು ಹೋದ ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದೆ. ಸ್ಯಾಕ್ಸೊಫೋನ್ ನುಡಿಸುವವನಿಗೆ ಹಲ್ಲೇ ಬಂಡವಾಳ. ಕೋಪನ್‌ಹೇಗನ್ನಿನಲ್ಲಿ ಹಲ್ಲಿನ ಡಾಕ್ಟರು ದುಬಾರಿ ಎಂದು ನೆಪ ಹೇಳಬೇಡ, ಹೋಗಿ ತೋರಿಸಿಕೊ. ನನ್ನ ಮೊಣಕಾಲು ಮೊದಲಿನಂತೆಯೇ ಇದೆ. ಮೂವತ್ತೊಂದು ವರ್ಷ ಬಸ್ ಓಡಿಸಿದವನ ಕಾಲು ಇನ್ನು ಹೇಗಿದ್ದೀತು? ಊಟ ನಿದ್ದೆಗೆ ಏನೂ ಕೊರತೆಯಿರಲಿಲ್ಲ, ಹೋದ ವಾರದವರೆಗೆ.

ಥ್ಯಾಡಿಯಸ್‌ನ ಕ್ಷೌರದಂಗಡಿಯ ಶನಿವಾರದ ಜಗಳ ನಿನಗೆ ಗೊತ್ತೇ ಇದೆ. ಬದುಕಿರುವ ಟೆನರ್ ಸ್ಯಾಕ್ಸೊಫೋನ್ ವಾದಕರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬುದು ನಲವತ್ತು ವರ್ಷದಿಂದ ಅಲ್ಲಿ ತೀರ್ಮಾನವಾಗಿಲ್ಲ. ನಿಯಮಗಳೂ ಹಳೆಯವೇ. ಸತ್ತವರ ಹೆಸರು ಎತ್ತುವಂತಿಲ್ಲ, ಎದುರು ಕೂತು ಕಿವಿಯಾರೆ ಕೇಳಿದವನಿಗಷ್ಟೇ ಮತ. ರೆಕಾರ್ಡು ಕೇಳಿ ಬಂದು ಯಾರಾದರೂ ವಾದಕ್ಕಿಳಿದರೆ ಥ್ಯಾಡಿಯಸ್ ಕತ್ತರಿ ತೋರಿಸಿ, "ಊಟದ ಫೋಟೋ ನೋಡಿ ಹೊಟ್ಟೆ ತುಂಬ್ತಾ ನಿಂಗೆ? ಸುಮ್ನೆ ಕೂತ್ಕೊಳಯ್ಯ" ಅನ್ನುತ್ತಾನೆ. ನನ್ನ ಮತ ಯಾವಾಗಲೂ ಹೊರೇಸ್ ಗ್ಯಾಡ್ಸನ್‌ಗೆ. ಎಂಬತ್ತು ದಾಟಿದ ಮೇಲೂ ಆತ ಒಂದೇ ಸ್ವರ ಹಿಡಿದು ನಿಂತರೆ ಯಾರೂ ಗ್ಲಾಸು ಮುಟ್ಟುವುದಿಲ್ಲ, ಕಣ್ಣಾರೆ ಕಂಡಿದ್ದೇನೆ. ಹಿಂದಿನ ಬೀದಿಯ ಟಬ್ಸ್ ಒಬ್ಬನೇ ನಿನ್ನ ಪಕ್ಷ. ಅವನು ನಿನ್ನ ಹೆಸರೆತ್ತಿದಾಗಲೆಲ್ಲ ನಾನು, "ನನ್ ಮಗನ್ನ ನಾನೇ ಕೇಳಿಲ್ಲಪ್ಪ, ನಂಗೇನ್ ಗೊತ್ತು" ಎಂದು ನಿಯಮದ ಹಿಂದೆ ಅಡಗುತ್ತಿದ್ದೆ. ಅದು ಸುಳ್ಳೇನಲ್ಲ. ಡಿಪೋದಲ್ಲಿ ನಿನಗೆಂದು ಹೇಳಿಟ್ಟಿದ್ದ ಕೆಲಸ ಬಿಟ್ಟು ನೀನು ಕ್ಲಬ್ಬುಗಳಲ್ಲಿ ನುಡಿಸಲು ಹೋದದ್ದನ್ನು ನುಂಗಿಕೊಳ್ಳಲಾಗದೆ ನಾನು ಒಂದು ದಿನವೂ ಕೇಳಲು ಬರಲಿಲ್ಲ.

ಹೋದ ವಾರದ ಶನಿವಾರ ಟಬ್ಸ್ ಒಂದು ಕ್ಯಾಸೆಟ್ ತಂದ. ತೊಂಬತ್ತೊಂದರ ಮೇ ತಿಂಗಳಲ್ಲಿ ನೀನು ಇಲ್ಲಿನ ಕ್ಲಬ್ಬಿನಲ್ಲಿ ನುಡಿಸಿದ್ದೆಯಲ್ಲ, ಅದನ್ನು ಅವನ ಭಾವ ಕೋಟಿನ ಜೇಬಿನಲ್ಲಿ ಯಂತ್ರ ಅಡಗಿಸಿಕೊಂಡು ಮುದ್ರಿಸಿದ್ದನಂತೆ. "ನಿಯಮ ಗಿಯಮ ಆಮೇಲೆ. ಈ ಮುದುಕ ಸಾಯೋದ್ರೊಳಗೆ ಮಗನ್ನ ಒಂದ್ಸಲ ಕೇಳ್ಲಿ" ಎಂದು ಹಾಕಿಯೇಬಿಟ್ಟ. ನನ್ನ ಕೊರಳಿಗೆ ಬಟ್ಟೆ, ಅರ್ಧ ಮುಖಕ್ಕೆ ಸೋಪಿನ ನೊರೆ, ಎದ್ದು ಹೋಗುವಂತಿರಲಿಲ್ಲ. ನೀನು ಶುರುವಿನಲ್ಲೇ ಉಸಿರುಗಟ್ಟಿ ಓಡುತ್ತಿದ್ದೆ. ಗ್ಯಾಡ್ಸನ್ ಹೀಗೆ ಅವಸರ ಮಾಡುವವನಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ, ಯಂತ್ರದ ಹತ್ತಿರವೇ ಒಂದು ಹೆಂಗಸಿನ ದನಿ, "ನಿಧಾನ ಕಣೋ ಮಗಾ, ಯಾರೂ ನಿನ್ನ ಅಟ್ಟಿಸ್ಕೊಂಡ್ ಬಂದಿಲ್ಲ" ಎಂದಿತು. ಕ್ಯಾಸೆಟ್ಟಿನೊಳಗಿನ ಜನ ನಕ್ಕರು, ಅಂಗಡಿಯವರೂ ನಕ್ಕರು.

ಅದು ನಿನ್ನ ಅಮ್ಮ ಒಝೆಲ್ಲಾ. ನೀನು ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ಬೀನ್ಸ್ ಬೇಯಿಸುತ್ತ, ತಿರುಗಿಯೂ ನೋಡದೆ ಹೇಳುತ್ತಿದ್ದ ಮಾತು. ಅವಳು ಹೋಗಿ ಒಂಬತ್ತು ವರ್ಷವಾಯಿತು. ಹೆಣ ಎತ್ತಿದ ದಿನ ಚರ್ಚಿನ ಮೆಟ್ಟಿಲ ಮೇಲೆ ನೀನು, "ನಾನಾಗಿ ಕರೆದ್ರೂ ಅಮ್ಮ ಬರ್ಲಿಲ್ಲ ಅವತ್ತು. ಆಮೇಲಾದ್ರೂ ನನ್ನ ಕೇಳೋಕೆ ಒಂದ್ಸಲ ಬಂದಿದ್ಲಾ ಅಪ್ಪಾ?" ಎಂದು ಕೇಳಿದೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಬಂದಿದ್ದು ನನಗೂ ತಿಳಿದಿರಲಿಲ್ಲ, ಆಣೆಗೂ. ನೀನು ಮಾರನೆಯ ದಿನವೇ ವಿಮಾನ ಹತ್ತಿದವನು ಮತ್ತೆ ಈ ಊರಿಗೆ ಕಾಲಿಟ್ಟಿಲ್ಲ.

ಕ್ಯಾಸೆಟ್ಟಿನಲ್ಲಿ ಅವಳು ಹಾಗೆ ಹೇಳಿದ ಮೇಲೆ ನೀನು ನಿಲ್ಲಿಸಿಬಿಟ್ಟೆ. ನಾಲ್ಕು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತಲ್ಲ, ಥ್ಯಾಡಿಯಸ್‌ನ ಕ್ಷೌರದ ಕತ್ತಿ ನನ್ನ ಕೆನ್ನೆಯ ಮೇಲೆ ಹಾಗೇ ನಿಂತಿತ್ತು. ಆ ದೀಪಗಳ ಬೆಳಕಿನಲ್ಲಿ ನಿನಗೆ ಅವಳು ಕಂಡಿರಲಾರಳು. ದನಿ ಕೇಳಿಸಿತ್ತಾ? ಕೇಳಿಸಿಯೂ ಭ್ರಮೆಯೆಂದುಕೊಂಡೆಯಾ? ಈ ವಾರವಿಡೀ ಮಧ್ಯಾಹ್ನ ಅದನ್ನೇ ಹಾಕಿಕೊಂಡು ಕೂತಿದ್ದೇನೆ. ಪ್ರತಿ ಸಲವೂ ಆ ಮಾತು ಬಂದಾಗ ಅಡುಗೆಮನೆ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಗುರುವಾರ ಎರಡು ಕಪ್‌ಗಳಿಗೆ ಕಾಫಿ ಸುರಿದಿದ್ದೆ. ಭಯವಾಗುತ್ತದೆ, ಆದರೂ ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತೇನೆ. ನಿನ್ನೆ ಅಂಗಡಿಯಲ್ಲಿ ಮತ ಕೇಳಿದರು. ನಮ್ಮ ಮನೆಯಲ್ಲಿ ಮತವಿದ್ದದ್ದು ಅವಳೊಬ್ಬಳಿಗೇ ಎಂದೆ.

ಕ್ಯಾಸೆಟ್ ಇದರ ಜೊತೆಗೇ ಇಟ್ಟಿದ್ದೇನೆ. ಇರುವುದು ಇದೊಂದೇ ಪ್ರತಿ, ಜೋಪಾನ. ಥ್ಯಾಡಿಯಸ್ ನಿನ್ನ ಕ್ಷೇಮ ಕೇಳಿದನೆಂದು ಬರೆಯಲು ಹೇಳಿದ್ದಾನೆ. ದೇವರು ನಿನ್ನ ಉಸಿರನ್ನು ಕಾಯಲಿ.

ನಿನ್ನ ಅಪ್ಪ,
ಎಲ್ಸ್‌ವರ್ತ್

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಮೇ ತಿಂಗಳು ನೀನು ನಮ್ಮಿಬ್ಬರಿಗೆಂದು ಎರಡು ಟಿಕೆಟ್ ಕಳಿಸಿದ್ದೆ. ನಾನು ಅವನ್ನು ನಿನ್ನ ಅಮ್ಮನಿಗೆ ತೋರಿಸದೆ ನೆಲಮಾಳಿಗೆಯ ಸಾಮಾನಿನ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಕ್ಲಬ್ಬಿನಂಥ ಜಾಗಕ್ಕೆ ಅವಳು ಕಾಲಿಡುವುದಿಲ್ಲವಂತೆ ಎಂದು ಫೋನಿನಲ್ಲಿ ನಿನಗೆ ಹೇಳಿದ್ದು ನಾನು ಕಟ್ಟಿದ ಮಾತು, ಅವಳದಲ್ಲ. ಇವತ್ತು ಚರ್ಚಿನಿಂದ ಬಂದವನು ಆ ಪೆಟ್ಟಿಗೆ ತೆಗೆದು ನೋಡಿದೆ. ಒಂದೇ ಟಿಕೆಟ್ ಇದೆ. ತನ್ನದನ್ನು ತೆಗೆದುಕೊಂಡು, ನನ್ನದನ್ನು ಇದ್ದಲ್ಲೇ ಬಿಟ್ಟು ಹೋಗಿದ್ದಾಳೆ. ಆಮೇಲೆ ಏಳು ವರ್ಷ ದಿನವೂ ನನ್ನೆದುರು ಕೂತು ಊಟ ಮಾಡಿದಳು ಲವೆಲ್, ಒಂದು ಮಾತೂ ಕೇಳಲಿಲ್ಲ.